ಸಮುದ್ರದ ತಳಕ್ಕೆ ಕೆಸರು ಹೊಲಿಯುವ ರೌನಾ

ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತು ರೌನಾ ಶಿವುತೆ ಸ್ಪಂಜಿನ ಹಲಗೆಯೊಂದನ್ನು ಕಂಬಕ್ಕೆ ಬಡಿದು ಮರಳು ಕೊಡವುತ್ತಿದ್ದಾಳೆ. ಕಂಪ್ಯೂಟರುಗಳ ಗಾಳಿಕಿಂಡಿಗೆ ಅಡ್ಡ ಹಾಕುವ ಸ್ಪಂಜು ಅದು. ರಾತ್ರಿಯಿಡೀ ದಕ್ಷಿಣದ ಗಾಳಿ ಬೀಸಿದೆ. ಊರಾಚೆಯ ಮರಳದಿಬ್ಬ ಒಂದಿಷ್ಟು ಎದ್ದು ಬಂದು ಕಿಟಕಿಯ ಸಂದಿನಲ್ಲಿ, ಚಹಾದ ಲೋಟದಲ್ಲಿ, ಕಾಗದಗಳ ಮಡಿಕೆಯಲ್ಲಿ ಕೂತಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಂಜು ಕವಿದಿದೆ, ಮೀನಿನ ಕಾರ್ಖಾನೆಯ ಸೈರನ್ ಕೇಳುತ್ತದೆ, ಕಾರ್ಖಾನೆ ಕಾಣುವುದಿಲ್ಲ. ಉಪ್ಪುಮಂಜು ತಾಗಿದ ಮರಳು ಗಾರೆಯ ಹಾಗೆ ಕಚ್ಚಿಕೊಳ್ಳುತ್ತದೆಯಾದ್ದರಿಂದ ಒಣ ಬಟ್ಟೆಯಲ್ಲಿ ಒರೆಸಿ, ಮತ್ತೆ ಬಡಿದು, ಮತ್ತೆ ಒರೆಸಬೇಕು.

“ಮೊದ್ಲು ಮರಳು ಕುಕು, ಆಮೇಲೆ ಸಮುದ್ರ,” ಎನ್ನುತ್ತಾಳೆ ನನ್ನ ಕಡೆ ತಿರುಗದೆ. ಕುಕು ಎಂದರೆ ಅಜ್ಜಿ. ನಮ್ಮ ಈ ಬಂದರು ಊರು ವಾಲ್ವಿಸ್ ಬೇಯಲ್ಲಿ ನನ್ನನ್ನು ಎಲ್ಲರೂ ಕರೆಯುವುದು ಹಾಗೆಯೇ. ಅವಳು ನನ್ನ ಕಿರಿಮಗಳ ಓರಗೆಯವಳು. ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ, ಅವಳನ್ನು ಕೇಳಿಯೇ.

ಇವತ್ತು ಅವಳು ಬೇಕೆಂದೇ ನಿಧಾನಿಸುತ್ತಿದ್ದಾಳೆ. ಒಳಗೆ ಯಂತ್ರ ರಾತ್ರಿಯೆಲ್ಲ ಒಂದು ಪರೀಕ್ಷೆ ಓಡಿಸಿದೆ, ಫಲಿತಾಂಶ ಕಾಯುತ್ತಿದೆ. ಅದು ಸರಿ ಬಂದಿದ್ದರೆ, ಮೂರು ವರ್ಷದಿಂದ ಬರೆದು, ತಿದ್ದಿ, ಮತ್ತೆ ಮುಚ್ಚಿಟ್ಟಿರುವ ಒಂದು ಕಾಗದವನ್ನು ಕಳಿಸದೆ ಇರಲು ಅವಳಿಗೆ ಇನ್ನು ನೆಪ ಉಳಿಯುವುದಿಲ್ಲ. ಮೇ ತಿಂಗಳ ಕೊನೆಗೆ ಅವಳ ಗುತ್ತಿಗೆ ಮುಗಿಯುತ್ತದೆ. ಮುಂದೆ ಅವಳ ಕುರ್ಚಿಯಲ್ಲಿ ಕೂರುವವರು ಹೊಸ ಪ್ರೋಗ್ರಾಮನ್ನು ಇಳಿಸಿಕೊಂಡ ದಿನವೇ ಅವಳು ಹೊಲಿದಿಟ್ಟ ಕೆಸರು ಅಳಿಸಿ ಹೋಗುತ್ತದೆ. ಆಗ ಕೊಲ್ಲಿಯಲ್ಲಿ ಸಿಂಪಿ, ಅಂದರೆ ತಿನ್ನುವ ಚಿಪ್ಪುಜೀವಿ, ಸಾಕುವವರಿಗೆ ಪ್ರತಿದಿನ ಹೋಗುವ ಎಚ್ಚರಿಕೆ ಸುಳ್ಳಾಗುತ್ತದೆ, ಅದು ಸುಳ್ಳೆಂದು ಯಾರಿಗೂ ತಿಳಿಯುವುದೂ ಇಲ್ಲ.

ಸಮುದ್ರಕ್ಕೆ ಕೆಸರು ಹೊಲಿಯುವುದೆಂದರೇನು ಎಂದು ಓದುವವರು ಕೇಳಬಹುದು. ನಾನೂ ಕೇಳಿದೆ, ಒಂದೇ ಸಲಕ್ಕೆ ತಿಳಿಯಲಿಲ್ಲ, ಮತ್ತೆ ಮತ್ತೆ ಹೋಗಿ ಕೇಳಿದೆ.

ಇಲ್ಲಿನ ಸರ್ಕಾರಿ ಸಮುದ್ರ ಸಂಶೋಧನಾ ಕೇಂದ್ರದ ಹಿಂದಿನ ಅಂಗಳದಲ್ಲಿ ಹಡಗಿನ ಹಳೆಯ ಕಂಟೇನರ್ ಒಂದಿದೆ. ರೌನಾಳ ಕೆಲಸ ಅದರೊಳಗೆ. ಅಲ್ಲಿರುವ ಯಂತ್ರಗಳಲ್ಲಿ ಒಂದು ಲೆಕ್ಕದ ಸಮುದ್ರ ಇದೆ. ನಮ್ಮ ಕರಾವಳಿಯ ನೀರನ್ನು ಸಾವಿರಾರು ಪೆಟ್ಟಿಗೆಗಳಾಗಿ ಕತ್ತರಿಸಿ ಒಂದರ ಮೇಲೊಂದು ಪೇರಿಸಿದ ಹಾಗೆ ಅದು. ಗಾಳಿ ಎಷ್ಟು ಬೀಸಿದರೆ ಎಷ್ಟು ತಣ್ಣೀರು ತಳದಿಂದ ಮೇಲೇಳುತ್ತದೆ, ಯಾವ ಪೆಟ್ಟಿಗೆಯಿಂದ ಯಾವ ಪೆಟ್ಟಿಗೆಗೆ ಹರಿಯುತ್ತದೆ ಎಂಬುದು ಆ ಸಮುದ್ರಕ್ಕೆ ಗೊತ್ತು. ಆದರೆ ನೀರಿನಲ್ಲಿ ಜೀವವಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ನೀರಿನ ಜೊತೆ ಸಾಗುವ ಆಮ್ಲಜನಕ, ಗೊಬ್ಬರದ ಸತ್ವ, ಕಣ್ಣಿಗೆ ಕಾಣದ ಹಸಿರು, ಕೊಳೆತದ್ದು, ಇವನ್ನೆಲ್ಲ ಅವರ ಭಾಷೆಯಲ್ಲಿ ಟ್ರೇಸರ್ ಎನ್ನುತ್ತಾರೆ. ಇವು ಒಂದು ಇನ್ನೊಂದಾಗಿ ಹೇಗೆ ಬದಲಾಗುತ್ತವೆ ಎಂಬ ಲೆಕ್ಕವೆಲ್ಲ ಬೇರೊಂದು ಕಡೆ ಇದೆ. ಹಲವು ದೇಶದವರು ಸೇರಿ ಬರೆದು, ಎಲ್ಲರೂ ಎತ್ತಿಕೊಳ್ಳಲಿ ಎಂದು ಇಟ್ಟಿರುವ ಪ್ರೋಗ್ರಾಮುಗಳ ಒಂದು ಭಂಡಾರ ಅದು. ಈ ಭಂಡಾರವನ್ನು ಆ ಸಮುದ್ರಕ್ಕೆ ಜೋಡಿಸುವುದು ರೌನಾಳ ಕೆಲಸ.

ನಾನು ಕಾರ್ಖಾನೆಯಲ್ಲಿ ಸಾಲಿಗೆ ನಿಂತು ಮೀನು ಸೀಳಿದವಳು, ನನಗೆ ಅರ್ಥವಾಗುವ ಹಾಗೆ ಹೇಳು ಎಂದೆ.

“ಕಾರ್ಖಾನೇಲಿ ಬೆಲ್ಟ್ ಇರುತ್ತಲ್ಲ ಕುಕು, ಸಮುದ್ರ ಅಂದ್ರೆ ಅದು. ಅದಕ್ಕೆ ಸಾಗಿಸೋದೊಂದೇ ಗೊತ್ತು, ಮೀನು ಅಂದ್ರೇನು ಅಂತ ಗೊತ್ತಿಲ್ಲ. ಭಂಡಾರ ಅಂದ್ರೆ ಕತ್ತಿ ಹಿಡಿದು ನಿಂತಿರೋ ನೀವುಗಳು. ನಿಮಗೆ ಸೀಳೋದು ಗೊತ್ತು, ಆದ್ರೆ ನಿಂತ ಜಾಗ ಬಿಟ್ಟು ಕದಲಲ್ಲ. ನಾನು ಮಧ್ಯದಲ್ಲಿ ನಿಂತು ಬೆಲ್ಟಿಂದ ಎತ್ತಿ ನಿಮ್ಮ ಕೈಗೆ ಕೊಡ್ತೀನಿ, ನೀವು ಸೀಳಿದ್ದನ್ನ ವಾಪಸ್ ಬೆಲ್ಟಿಗೆ ಇಡ್ತೀನಿ. ಅಷ್ಟೇ.”

ಅಷ್ಟೇ ಎಂದಳು, ಆದರೆ ಅಷ್ಟೇ ಅಲ್ಲ. ಸಮುದ್ರ ಒಂದು ಅಳತೆಯಲ್ಲಿ ಕೊಡುತ್ತದೆ, ಭಂಡಾರ ಇನ್ನೊಂದು ಅಳತೆಯಲ್ಲಿ ಕೇಳುತ್ತದೆ. ಒಂದಕ್ಕೆ ಕೆಳಗಿಳಿಯುವುದು ಕೂಡುವ ಲೆಕ್ಕವಾದರೆ ಇನ್ನೊಂದಕ್ಕೆ ಕಳೆಯುವ ಲೆಕ್ಕ. ನೆಲವಿರುವ ಕಡೆಯ ಖಾಲಿ ಪೆಟ್ಟಿಗೆಯನ್ನು ತಪ್ಪಿ ಕೊಟ್ಟರೆ ಭಂಡಾರ ಇಲ್ಲದ ನೀರಿನಲ್ಲಿ ಇಲ್ಲದ ಜೀವವನ್ನು ಬೆಳೆಸಿಬಿಡುತ್ತದೆ. ಒಮ್ಮೆ ಹಾಗಾಗಿ ಮರಳುಗಾಡಿನ ನಡುವೆ ಹಸಿರು ಹುಟ್ಟಿಕೊಂಡಿತ್ತಂತೆ. ಆ ಚಿತ್ರವನ್ನು ಅವಳು ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಭಂಡಾರವನ್ನು ಬರೆದವರು ಆಗಾಗ ಅದನ್ನು ಹೊಸದು ಮಾಡುತ್ತಾರೆ. ಪ್ರತಿ ಸಲವೂ ಹೊಲಿಗೆ ಬಿಚ್ಚಿ ಮತ್ತೆ ಹಾಕಬೇಕು. ಎಲ್ಲ ಸರಿಯಿದ್ದ ದಿನ ಅವಳು ಏನು ಮಾಡಿದಳೆಂದು ಯಾರಿಗೂ ಕಾಣುವುದಿಲ್ಲ.

ಕಾಣುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕ್ವೀಸೆಬ್‌ಮಾಂಡ್ ಬಡಾವಣೆಯಲ್ಲಿ, ಅವಳು ಅಕ್ಕನ ಜೊತೆ ಇರುವ ಬೀದಿಯಲ್ಲಿ, ಜನ ಅವಳನ್ನು ಕಂಪ್ಯೂಟರ್ ರಿಪೇರಿಯವಳು ಎಂದುಕೊಂಡಿದ್ದಾರೆ. ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಯಾರಾದರೊಬ್ಬರು ಒಡೆದ ಫೋನು ಹಿಡಿದು ನಿಂತಿರುತ್ತಾರೆ. ಅಕ್ಕ ಬೆಳಗಿನ ಪಾಳಿಯವರಿಗೆ ಫೆಟ್‌ಕುಕ್ ಎಂಬ ಹಿಟ್ಟಿನ ಉಂಡೆ ಕರಿದು ಮಾರುವವಳು. ತನ್ನ ಕೆಲಸಕ್ಕಾದರೆ ವಾಸನೆಯಾದರೂ ಇದೆ, ಇವಳದಕ್ಕೆ ಅದೂ ಇಲ್ಲ ಎಂದು ನಗುತ್ತಾಳೆ. ಹಡಗಿನಲ್ಲಿ ಹೋಗಿ ನೀರು ತುಂಬಿ ತರುವ ವಿಜ್ಞಾನಿಗಳ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ರೌನಾ ಹಡಗು ಹತ್ತುವುದಿಲ್ಲ. ಹತ್ತಿದರೆ ಬಂದರು ದಾಟುವ ಮೊದಲೇ ಅವಳಿಗೆ ವಾಂತಿ.

ಅವಳು ಹುಟ್ಟಿದ್ದು ಸಮುದ್ರದಿಂದ ಬಲು ದೂರ, ಉತ್ತರದಲ್ಲಿ, ಸಜ್ಜೆ ಬೆಳೆಯುವ ಬಯಲಿನಲ್ಲಿ. ಅಪ್ಪ ಇಲ್ಲಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿದ್ದ. ಬಾಲೆಯಾಗಿದ್ದಾಗ ಒಂದು ರಜೆಯಲ್ಲಿ ಅಪ್ಪನನ್ನು ನೋಡಲು ಬಂದಳು. ಮೊದಲ ಸಲ ಸಮುದ್ರ ಕಂಡ ದಿನವೇ ಅದು ಹಾಲು ಕಲಸಿದ ಹಾಗೆ ತಿಳಿಹಸಿರಾಗಿತ್ತು, ಇಡೀ ಊರು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಸತ್ತ ಮೀನು ದಡದುದ್ದಕ್ಕೂ ಬಿದ್ದಿತ್ತು. ಜನ ಬಕೆಟ್ ಹಿಡಿದು ಆಯುತ್ತಿದ್ದರು, ಹಬ್ಬದ ಹಾಗೆ. ಇದೇನೆಂದು ಕೇಳಿದರೆ ಅಪ್ಪ, ಸಮುದ್ರಕ್ಕೆ ಹೊಟ್ಟೆ ಕೆಟ್ಟಿದೆ ಎಂದನಂತೆ. ವಿಂಡ್‌ಹುಕ್‌ನಲ್ಲಿ ಗಣಿತ, ಕೇಪ್‌ಟೌನಿನಲ್ಲಿ ಸಮುದ್ರ ಓದಿ ಬಂದ ಮೇಲೆ ನೋಡಿದರೆ, ಅಪ್ಪ ಹೇಳಿದ್ದರಲ್ಲಿ ತಿದ್ದುವಂಥದ್ದು ಹೆಚ್ಚೇನೂ ಇರಲಿಲ್ಲ ಎನ್ನುತ್ತಾಳೆ.

ನಮ್ಮ ಸಮುದ್ರದ ತಳದಲ್ಲಿ ಕಪ್ಪು ಕೆಸರಿದೆ. ಮೇಲೆ ಬೆಳೆದ ಹಸಿರೆಲ್ಲ ಸತ್ತು ಬಿದ್ದು ಕೊಳೆತು ಆದ ಕೆಸರು. ಅದು ತಳದ ನೀರಿನ ಆಮ್ಲಜನಕವನ್ನೆಲ್ಲ ಕುಡಿದುಬಿಡುತ್ತದೆ, ಆಮೇಲೆ ಗಂಧಕದ ವಿಷಗಾಳಿ ಬಿಡುತ್ತದೆ. ಕೊಲ್ಲಿಯಲ್ಲಿ ಹಗ್ಗಕ್ಕೆ ಬುಟ್ಟಿ ಕಟ್ಟಿ ಸಿಂಪಿ ಸಾಕುವವರಿಗೆ ಇದಕ್ಕಿಂತ ದೊಡ್ಡ ಭಯ ಇಲ್ಲ. ಒಂದು ದಿನ ಮೊದಲು ತಿಳಿದರೆ ಬುಟ್ಟಿ ಎತ್ತಿ ದಡಕ್ಕೆ ತಂದು ಒದ್ದೆ ಗೋಣಿ ಹೊದಿಸಬಹುದು. ಸಿಂಪಿ ಬಾಯಿ ಮುಚ್ಚಿಕೊಂಡು ಕೆಲವು ದಿನ ತಡೆದುಕೊಳ್ಳುತ್ತದೆ. ತಿಳಿಯದಿದ್ದರೆ ಚಿಪ್ಪು ಮಾತ್ರ ಉಳಿಯುತ್ತದೆ.

ಭಂಡಾರ ಬರೆದವರ ಕರಾವಳಿಗಳಲ್ಲಿ ಇಂಥ ಕೆಸರಿಲ್ಲ. ಅವರ ಲೆಕ್ಕದಲ್ಲಿ ತಳವೆಂದರೆ ಶುದ್ಧ ಮರಳು ಎಂಬಂತಿತ್ತು. ಆ ಲೆಕ್ಕ ನಮ್ಮ ಕೊಲ್ಲಿಗೆ ಎಂದೂ ಅಪಾಯ ತೋರಿಸುತ್ತಿರಲಿಲ್ಲ. ಆದ್ದರಿಂದ ರೌನಾ ತಾನೇ ಒಂದು ಕೆಸರನ್ನು ಬರೆದಳು. ಹಡಗಿನವರು ತಂದ ಮಣ್ಣಿನ ಲೆಕ್ಕಗಳನ್ನು ಕಾಡಿ ಬೇಡಿ ತೆಗೆದುಕೊಂಡು, ಅದು ಎಷ್ಟು ಕುಡಿಯುತ್ತದೆ, ಯಾವಾಗ ವಿಷ ಬಿಡುತ್ತದೆ ಎಂದು ಕೂಡಿಸಿ ಕಳೆದು, ಭಂಡಾರದ ತನ್ನ ಪ್ರತಿಗೆ ತೇಪೆ ಹಾಕಿದಳು. ಅಂದಿನಿಂದ ಪ್ರತಿ ಮುಂಜಾನೆ ಕೊಲ್ಲಿಯ ಸಿಂಪಿಯವರ ಫೋನಿಗೆ ಒಂದೇ ಪದದ ಸಂದೇಶ ಹೋಗುತ್ತದೆ: ಹಸಿರು, ಹಳದಿ, ಇಲ್ಲವೇ ಕೆಂಪು. ಹಸಿರೆಂದರೆ ಭಯವಿಲ್ಲ, ಕೆಂಪೆಂದರೆ ಬುಟ್ಟಿ ಎತ್ತಬೇಕು.

ಆ ಭಂಡಾರದವರದೊಂದು ಪದ್ಧತಿ ಇದೆ. ಎತ್ತಿಕೊಂಡವರು ಏನಾದರೂ ಚೆನ್ನಾಗಿ ಮಾಡಿದರೆ ಅದನ್ನು ಭಂಡಾರಕ್ಕೇ ಹಿಂದಕ್ಕೆ ಕೊಡಬೇಕು. ಒತ್ತಾಯವಿಲ್ಲ, ಮರ್ಯಾದೆ ಅಷ್ಟೇ. ಕೊಡುವಾಗ ಒಂದು ಕಾಗದ ಬರೆಯಬೇಕು. ಇದು ಏನು, ಏಕೆ ಬೇಕಾಯಿತು, ಬೇರೆಯವರು ಹೇಗೆ ಪರೀಕ್ಷಿಸಿ ನೋಡಬಹುದು, ಪ್ರಶ್ನೆ ಬಂದರೆ ಉತ್ತರಿಸುವವರು ಯಾರು. ಒಳಗೆ ಸೇರಿದ್ದು ಎಲ್ಲರದೂ ಆಗುತ್ತದೆ. ಭಂಡಾರ ಹೊಸದಾದಾಗಲೆಲ್ಲ ಅದೂ ಜೊತೆಗೇ ಹೊಸದಾಗುತ್ತದೆ, ಒಬ್ಬಳೇ ಕೂತು ಹೊಲಿಗೆ ಬಿಚ್ಚಬೇಕಿಲ್ಲ. ಭಂಡಾರವನ್ನು ನೋಡಿಕೊಳ್ಳುವವಳು ನಾರ್ವೆಯ ಸೋಲ್ವೈ ಎಂಬ ಹೆಂಗಸು. ರೌನಾ ಏನೋ ಸಣ್ಣ ಸಂದೇಹ ಕೇಳಿದಾಗ ಅವಳೇ ಬರೆದಿದ್ದಳು, ನಿಮ್ಮ ಕೆಸರಿನ ಬಗ್ಗೆ ಕೇಳಿದ್ದೇವೆ, ಕಳಿಸಿ, ಕಾಯುತ್ತೇವೆ ಎಂದು. ಅದಕ್ಕೆ ಮೂರು ವರ್ಷವಾಯಿತು.

ಯಾಕೆ ಕಳಿಸಲಿಲ್ಲ ಎಂದು ನಾನು ಒಂದು ದಿನ ಕೇಳಿದೆ.

“ಅದು ನಮ್ಮೂರಿನ ಕೆಸರು ಕುಕು. ಲೋಕದ ಸಮುದ್ರಕ್ಕೆಲ್ಲ ಕೊಡ್ತೀನಿ ಅನ್ನೋಕೆ ನಾನ್ಯಾರು? ಪ್ರಶ್ನೆ ಬಂದ್ರೆ ಉತ್ತರ ಕೊಡೋರು ಅಂತ ನನ್ನ ಹೆಸರು ಬರೀಬೇಕು. ಮುಂದಿನ ವರ್ಷ ನಾನು ಈ ಕುರ್ಚೀಲಿ ಇರ್ತೀನೋ ಇಲ್ವೋ ನನಗೇ ಗೊತ್ತಿರ್ಲಿಲ್ಲ. ಹಾಗೇ ಮುಂದಕ್ಕೆ ಹಾಕ್ದೆ.”

ಮುಂದಕ್ಕೆ ಹಾಕಿದ್ದರ ಬೆಲೆ ಈ ಮಾರ್ಚಿನಲ್ಲಿ ಬಂತು. ಅದನ್ನು ಅವಳು ಮುಚ್ಚಿಡಲಿಲ್ಲ, ಬರೆಯಿರಿ ಎಂದಳು.

ಫೆಬ್ರುವರಿಯಲ್ಲಿ ಭಂಡಾರ ಹೊಸದಾಯಿತು. ಈ ಸಲ ಅದರ ಬಾಗಿಲೇ ಬದಲಾಗಿತ್ತು. ರೌನಾ ಹಳೆಯ ಹೊಲಿಗೆ ಬಿಚ್ಚಿ ತನ್ನ ತೇಪೆಯನ್ನು ಹೊಸ ಬಟ್ಟೆಗೆ ಹಾಕಿದಳು. ಏನೂ ಕಳೆದಿಲ್ಲ, ಏನೂ ಹೆಚ್ಚಾಗಿಲ್ಲ ಎಂದು ಒಟ್ಟು ತಾಳೆ ನೋಡುವ ಪರೀಕ್ಷೆ ಮಾಡಿದಳು. ಒಟ್ಟು ಸರಿಯಿತ್ತು. ಕಳೆದ ವರ್ಷ ಗಂಧಕ ಎದ್ದ ವಾರವನ್ನು ಮತ್ತೆ ಓಡಿಸಿ, ಹೊಸ ಲೆಕ್ಕ ಅದನ್ನು ಹಿಡಿಯುತ್ತದೆಯೇ ಎಂದೂ ನೋಡಬೇಕಿತ್ತು. ಮರಳು ತುಂಬಿ ಯಂತ್ರ ಕಾದು ನಡುವೆಯೇ ನಿಂತಿತು. ಮತ್ತೆ ಓಡಿಸಿದರೆ ಮತ್ತೆ ನಿಂತಿತು. ದಿನದ ಸಂದೇಶ ತಪ್ಪಬಾರದೆಂದು ಆ ಓಟವನ್ನು ಆಮೇಲೆ ಮಾಡೋಣವೆಂದು ಬಿಟ್ಟಳು. ಈಗ ಬೆಳಿಗ್ಗೆ ಎದ್ದ ತಕ್ಷಣ ಅವಳು ಸ್ಪಂಜು ಬಡಿಯುವುದು ಅದಕ್ಕೇ.

ಸಂದೇಶ ಪ್ರತಿದಿನ ಹೋಯಿತು. ಹಸಿರು. ಹಸಿರು. ಹಸಿರು.

ಕೊಲ್ಲಿಯಲ್ಲಿ ಸಿಂಪಿ ಸಾಕುವವರಲ್ಲಿ ಹಳಬ ನಾಫ್ತಾಲಿ. ಊರಿಗೆಲ್ಲ ತಾತೆ ನಾಫ್ತಾಲಿ; ತಾತೆ ಎಂದರೆ ಅಪ್ಪ. ಒಂದು ಬೆಳಿಗ್ಗೆ ಅವನು ದೋಣಿಯಿಂದಲೇ ರೌನಾಳಿಗೆ ಫೋನ್ ಮಾಡಿದ. ಜಗಳಕ್ಕಲ್ಲ. ಅವನ ಹಗ್ಗಗಳ ಮೇಲೆ ಏಡಿಗಳು ಹತ್ತಿ ಬರುತ್ತಿದ್ದವು. ತಳದಲ್ಲಿರಬೇಕಾದ ಏಡಿಗಳು, ಕೆಳಗೆ ಉಸಿರು ಸಿಗದವರ ಹಾಗೆ, ಸಾಲುಗಟ್ಟಿ ಹಗ್ಗ ಹಿಡಿದು ಮೇಲೇರಿ, ತೇಲುವ ಪೀಪಾಯಿಗಳ ಮೇಲೆ ಕೂತಿದ್ದವಂತೆ.

“ನಿನ್ನ ಫೋನು ಹಸಿರು ಅಂತಿದೆ, ಮೆಮೆ,” ಎಂದ. ಇಲ್ಲಿ ದೊಡ್ಡವರೂ ಹೆಣ್ಣುಮಕ್ಕಳನ್ನು ಮೆಮೆ, ತಾಯಿ, ಎಂದೇ ಕರೆಯುತ್ತಾರೆ. “ಇವಕ್ಕೆ ಫೋನಿಲ್ಲ ನೋಡು, ಅದಕ್ಕೆ ಗೊತ್ತಾಗಿಲ್ಲ ಅನ್ಸುತ್ತೆ. ಸ್ವಲ್ಪ ನೋಡ್ತೀಯಾ?”

ರೌನಾ ನೋಡಿದಳು. ತಳದ ಪದರದಲ್ಲಿ ಆಮ್ಲಜನಕ ಧಾರಾಳವಾಗಿತ್ತು, ಅಗತ್ಯಕ್ಕಿಂತ ಹೆಚ್ಚೇ. ಮಾರ್ಚ್ ತಿಂಗಳಲ್ಲಿ, ಗಾಳಿ ನಿಂತ ವಾರದಲ್ಲಿ, ನಮ್ಮ ಕೊಲ್ಲಿಯ ತಳ ಅಷ್ಟು ಆರೋಗ್ಯವಾಗಿರಲು ಹೇಗೆ ಸಾಧ್ಯ? ಆಗ ಅವಳು ಯಾರೂ ನೋಡದ ಪದರವನ್ನು ತೆರೆದಳು, ಎಲ್ಲಕ್ಕಿಂತ ಮೇಲಿನದನ್ನು. ಅದು ಗಾಳಿಗೆ ಮುಖ ಕೊಟ್ಟು ಸದಾ ಉಸಿರಾಡುವ ನೀರು, ಅದಕ್ಕೇನೂ ಆಗುವುದಿಲ್ಲವೆಂದು ಯಾರೂ ನೋಡುವುದಿಲ್ಲ. ಅಲ್ಲಿ ದಿನಾ ಬೆಳಗಿನ ಜಾವ ಆಮ್ಲಜನಕ ಒಂದು ಚೂರು ಇಳಿದು, ಹಗಲಾದ ಮೇಲೆ ಮತ್ತೆ ಸರಿಹೋಗುತ್ತಿತ್ತು. ಏನೋ ಒಂದು ಅದನ್ನು ಕುಡಿಯುತ್ತಿತ್ತು.

ತಪ್ಪು ಎಲ್ಲಿದೆ ಎಂದು ಅವಳಿಗೆ ಆಗ ಹೊಳೆಯಿತು. ನಮ್ಮ ಲೆಕ್ಕದ ಸಮುದ್ರ ಪದರಗಳನ್ನು ತಳದಿಂದ ಮೇಲಕ್ಕೆ ಎಣಿಸುತ್ತದೆ. ಅದಕ್ಕೆ ಒಂದನೆಯ ಪದರವೆಂದರೆ ತಳ. ಹಳೆಯ ಭಂಡಾರ ಅದನ್ನು ಹಾಗೆಯೇ ತೆಗೆದುಕೊಳ್ಳುತ್ತಿತ್ತು. ಹೊಸ ಭಂಡಾರ ಬಾಗಿಲಲ್ಲೇ ಎಲ್ಲವನ್ನೂ ತನ್ನ ಕ್ರಮಕ್ಕೆ ತಿರುಗಿಸಿಕೊಳ್ಳುತ್ತದೆ, ಮೇಲಿಂದ ಕೆಳಕ್ಕೆ. ಅದಕ್ಕೆ ಒಂದನೆಯದೆಂದರೆ ಮೇಲಿನದು. ರೌನಾಳ ತೇಪೆ ಮಾತ್ರ ಹಳೆಯ ಅಭ್ಯಾಸದಲ್ಲಿ ಒಂದನೆಯದನ್ನೇ ಹುಡುಕಿಕೊಂಡು ಹೋಗಿ ಕೂತಿತ್ತು. ಕೊಲ್ಲಿಯ ಕೆಸರೆಲ್ಲ ಸಮುದ್ರದ ತಲೆಯ ಮೇಲೆ ಕೂತಿತ್ತು. ಅದು ಎಷ್ಟು ಕುಡಿದರೂ ಆಕಾಶ ತುಂಬಿಕೊಡುತ್ತಿತ್ತು. ತಳ ನಿಶ್ಚಿಂತೆಯಾಗಿತ್ತು. ಒಟ್ಟು ಲೆಕ್ಕ ತಾಳೆಯಾಗಿಯೇ ಇತ್ತು, ಏಕೆಂದರೆ ಆ ಪರೀಕ್ಷೆ ಎಷ್ಟು ಎಂದು ಕೇಳುತ್ತದೆಯೇ ಹೊರತು ಎಲ್ಲಿ ಎಂದು ಕೇಳುವುದಿಲ್ಲ.

ತಿದ್ದಿ ಮತ್ತೆ ಓಡಿಸಲು ಇಡೀ ಹಗಲು ಬೇಕು. ಅವಳು ಕಾಯಲಿಲ್ಲ. ನಾಫ್ತಾಲಿಗೆ ಫೋನ್ ಮಾಡಿದಳು.

“ಎತ್ತಿ ತಾತೆ. ಎಲ್ಲಾ ಎತ್ತಿ. ನಾನು ಕಳಿಸಿದ್ದನ್ನ ನಂಬಬೇಡಿ, ಮಿಕ್ಕೋರಿಗೂ ಹೇಳಿ.”

ಅವನು ಎಲ್ಲರಿಗೂ ಹೇಳಿದ. ಕೊಲ್ಲಿಯಲ್ಲಿದ್ದ ದೋಣಿಗಳೆಲ್ಲ ಹೊರಟವು. ಒಳಗಿನ ಸಾಲುಗಳ ಬುಟ್ಟಿಗಳು ದಡಕ್ಕೆ ಬಂದವು. ಕಾರ್ಖಾನೆಯ ಹೆಂಗಸರು ಪಾಳಿ ಮುಗಿಸಿ ಬಂದು ಗೋಣಿ ನೆನೆಸಿ ಹೊದಿಸಿದರು. ರೌನಾ ಅಂದು ಮೊದಲ ಸಲ ನಾಫ್ತಾಲಿಯ ದೋಣಿ ಹತ್ತಿದಳು, ಕೈ ಸಾಲದೆ. ಒಂದು ಕೈಯಲ್ಲಿ ಹಗ್ಗ ಎಳೆಯುತ್ತ ದೋಣಿಯಂಚಿಗೆ ಬಾಗಿ ವಾಂತಿ ಮಾಡುತ್ತಿದ್ದಳಂತೆ. ಹೊರಗಿನ ಸಾಲಿನವರೆಗೆ ಹೋಗುವಷ್ಟರಲ್ಲಿ ನೀರು ತಿಳಿಹಸಿರಾಗಿತ್ತು. ಆ ಸಾಲಿನಲ್ಲಿ ನಾಫ್ತಾಲಿಯ ಮರಿಸಿಂಪಿಗಳಿದ್ದವು, ಮುಂದಿನ ವರ್ಷದ ಬೆಳೆ. ಒಂದೂ ಉಳಿಯಲಿಲ್ಲ.

ನಾಫ್ತಾಲಿಯನ್ನು ನಾನು ದಕ್ಕೆಯಲ್ಲಿ ಮಾತಾಡಿಸಿದೆ. ಚಿಪ್ಪಿನ ರಾಶಿಯ ಪಕ್ಕದಲ್ಲಿ ಕೂತು ಬುಟ್ಟಿ ಉಜ್ಜುತ್ತಿದ್ದ. ಸಿಟ್ಟಿಲ್ಲವೇ ಎಂದರೆ, ಇತ್ತು, ಎರಡು ದಿನ ಅವಳ ಫೋನ್ ಎತ್ತಲಿಲ್ಲ ಎಂದ. ಮೂರನೆಯ ದಿನ ಅವಳೇ ಬಂದು ಇದೇ ಚಿಪ್ಪಿನ ರಾಶಿಯ ಮೇಲೆ ಕೂತಳು. ನಡೆದದ್ದನ್ನು ಬುಟ್ಟಿ ತಲೆಕೆಳಗೆ ಹಿಡಿದು ತೋರಿಸಿ ಹೇಳಿದಳು. ತಪ್ಪು ನನ್ನದು ಎಂದಳು. ಯಂತ್ರದ್ದು ಎನ್ನಬಹುದಿತ್ತು, ಅನ್ನಲಿಲ್ಲ. ಇನ್ನು ಮೇಲೆ ನಿನ್ನ ಕೆಸರು ಎಲ್ಲಿದೆ ನೋಡಿಕೋ ಎಂದಷ್ಟೇ ಅವನು ಹೇಳಿದನಂತೆ.

“ಕೆಸರನ್ನ ನೀರಿನ ಮೇಲೆ ಹಾಕೋ ಹುಡುಗಿ ನಾನೆಲ್ಲೂ ನೋಡಿಲ್ಲ,” ಎಂದು ಅವನು ಈಗ ನಗುತ್ತಾನೆ. ಬುಟ್ಟಿಯನ್ನು ತಿರುಗಿಸಿ ಮತ್ತೊಂದು ಬದಿ ಉಜ್ಜುತ್ತಾನೆ. “ಆದ್ರೆ ಒಂದು ಮಾತು ಹೇಳ್ತೀನಿ ಕುಕು. ಮೊದಲಿದ್ದೋರು ಸಮುದ್ರ ಕೆಟ್ಟ ಮೇಲೆ ಬಂದು ಕೆಟ್ಟಿದೆ ಅಂತ ಬರ್ಕೊಂಡು ಹೋಗ್ತಿದ್ರು. ಇವಳು ಬಂದ ಮೇಲೇನೇ ನಮಗೆ ಹಿಂದಿನ ದಿನ ಗೊತ್ತಾಗೋದು. ಇವಳು ಹೋದ ಮೇಲೆ ಯಾರು?”

ಅದೇ ಪ್ರಶ್ನೆಯನ್ನು ವಿಭಾಗದ ಮುಖ್ಯಸ್ಥ ಕಂಜಿಯಿ ಕೂಡ ಕೇಳುತ್ತಾನೆ. ಒಳ್ಳೆಯ ಮನುಷ್ಯ. ರೌನಾಳ ಗುತ್ತಿಗೆ ಮುಂದುವರಿಸಿ ಎಂದು ರಾಜಧಾನಿಗೆ ಬರೆದು ಬರೆದು ಸಾಕಾಗಿದ್ದಾನೆ, ಉತ್ತರ ಬಂದಿಲ್ಲ. ನೀನು ಹೋದ ಮೇಲೆ ನಿನ್ನ ತೇಪೆ ಹೊಲಿಯೋರು ಯಾರು, ಇರುವಾಗಲೇ ಭಂಡಾರಕ್ಕೆ ಸೇರಿಸಿ ಹೋಗು ಎಂದು ಅವಳ ಬೆನ್ನು ಹತ್ತಿದ್ದಾನೆ. ಬೇರೆ ಕರಾವಳಿಯವರಿಗೂ ಉಪಯೋಗವಾದೀತು ಎನ್ನುತ್ತಾನೆ; ಕೆಸರಿನ ತಳ ನಮ್ಮ ಊರಿಗೊಂದೇ ಇಲ್ಲವಲ್ಲ.

ಹೀಗೆ ಏಪ್ರಿಲಿನಲ್ಲಿ ರೌನಾ ಹಳೆಯ ಕಾಗದ ತೆಗೆದಳು. ಅದನ್ನು ನನಗೆ ಓದಿ ತೋರಿಸಿದಳು. ಮೊದಲಿದ್ದ ಕಾಗದ ಬಹಳ ವಿನಯದ್ದು, ಅರ್ಧ ಪುಟ ಕ್ಷಮೆಯಲ್ಲೇ ಹೋಗಿತ್ತು. ಅದನ್ನೆಲ್ಲ ಹೊಡೆದುಹಾಕಿ ಹೊಸದಾಗಿ ಬರೆದಳು. ಜೊತೆಗೆ ಕಾಗದಕ್ಕಿಂತ ಮುಖ್ಯವಾದ ಇನ್ನೊಂದನ್ನು ಮಾಡಿದಳು: ಒಂದು ಪುಟ್ಟ ಪರೀಕ್ಷೆ. ಗಾಳಿಯಿಲ್ಲದ, ಅಲೆಯಿಲ್ಲದ, ಒಂದೇ ಕಂಬದಷ್ಟು ನೀರು. ಅದರಡಿ ಅವಳ ಕೆಸರು. ಓಡಿಸಿದಾಗ ಮೊದಲು ತಳದ ನೀರು ಸೊರಗಬೇಕು, ಆಮೇಲೆ ಅದರ ಮೇಲಿನದು, ಆಮೇಲೆ ಅದರ ಮೇಲಿನದು. ಹಗ್ಗ ಹತ್ತಿದ ಹಾಗೆ ಒಂದೊಂದೇ ಮೇಲೇರಬೇಕು. ಮೇಲಿನ ನೀರು ಮೊದಲು ಸೊರಗಿದರೆ ಪ್ರೋಗ್ರಾಮ್ ಅಲ್ಲೇ ನಿಂತು, ನಿಮ್ಮ ಕೆಸರು ಎಲ್ಲಿದೆ ನೋಡಿಕೊಳ್ಳಿ ಎನ್ನುತ್ತದೆ. ಇನ್ನು ಮುಂದೆ ಯಾವ ದೇಶದವರು ಈ ಕೆಸರನ್ನು ತಮ್ಮ ಸಮುದ್ರಕ್ಕೆ ಜೋಡಿಸಿದರೂ ಮೊದಲು ಈ ಪರೀಕ್ಷೆ ದಾಟಬೇಕು.

ಕಂಜಿಯಿ ಕಾಗದ ಓದಿ ಎಲ್ಲ ಚೆನ್ನಾಗಿದೆ ಎಂದ. ಮಾರ್ಚಿನಲ್ಲಿ ನಡೆದದ್ದನ್ನು ಹೇಳುವ ಭಾಗ ಮಾತ್ರ ಬೇಡ ಎಂದ. ಗುತ್ತಿಗೆಯ ವಿಷಯ ರಾಜಧಾನಿಯಲ್ಲಿ ಕೂತಿರುವಾಗ ತಪ್ಪನ್ನು ನಾವೇ ಬರೆದು ಲೋಕಕ್ಕೆಲ್ಲ ಏಕೆ ಹಂಚಬೇಕು? ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅವಳ ಒಳ್ಳೆಯದಕ್ಕೇ ಹೇಳಿದ. ರೌನಾ ಒಂದು ವಾರ ಕಾಗದವನ್ನು ಮುಟ್ಟಲಿಲ್ಲ. ಮತ್ತೆ ಮೂರು ವರ್ಷ ಮುಚ್ಚಿಡುತ್ತಾಳೇನೋ ಎಂದುಕೊಂಡೆ.

ಈಗ ಮೆಟ್ಟಿಲ ಮೇಲಿನ ಕೆಲಸ ಮುಗಿದಿದೆ. ಸ್ಪಂಜಿನಲ್ಲಿ ಮರಳು ಉಳಿದಿಲ್ಲ, ಆದರೂ ಅವಳು ಇನ್ನೊಂದು ಸಲ ಬಡಿಯುತ್ತಾಳೆ. ಮಂಜಿನೊಳಗಿಂದ ರಬ್ಬರ್ ಬೂಟುಗಳ ಸದ್ದು ಬರುತ್ತದೆ. ನಾಫ್ತಾಲಿ. ಕೈಯಲ್ಲಿ ಪತ್ರಿಕೆಯ ಹಾಳೆ ಸುತ್ತಿದ ಫೆಟ್‌ಕುಕ್, ರೌನಾಳ ಅಕ್ಕ ಕೊಟ್ಟು ಕಳಿಸಿದ್ದು. ಇವಳು ಇವತ್ತಾದರೂ ಕಳಿಸುತ್ತಾಳೋ ಇಲ್ಲವೋ ನೋಡಿಕೊಂಡು ಬಾ ಎಂದಳಂತೆ.

ಮೂವರೂ ಒಳಗೆ ಹೋಗುತ್ತೇವೆ. ಕಂಟೇನರಿನಲ್ಲಿ ಮೂರು ಜನಕ್ಕೆ ಜಾಗವಿಲ್ಲ. ನಾಫ್ತಾಲಿ ಬಾಗಿಲಲ್ಲೇ ನಿಲ್ಲುತ್ತಾನೆ. ರೌನಾ ಸ್ಪಂಜನ್ನು ಕಿಂಡಿಗೆ ಕೂರಿಸಿ, ಕೈ ಒರೆಸಿಕೊಂಡು, ಪರದೆಯ ಮುಂದೆ ಕೂರುತ್ತಾಳೆ. ರಾತ್ರಿ ಓಡಿದ್ದು ಎರಡು ಓಟ. ತೇಪೆ ಎಂದೂ ಕಾಣದ ಶುದ್ಧ ಭಂಡಾರವನ್ನು ಹೊಸದಾಗಿ ಇಳಿಸಿಕೊಂಡು, ಅದಕ್ಕೆ ಕೆಸರು ಸೇರಿಸಿ, ಒಂದು ಸಲ ಸರಿಯಾಗಿ ಜೋಡಿಸಿ, ಇನ್ನೊಂದು ಸಲ ಬೇಕೆಂದೇ ತಲೆಕೆಳಗೆ ಜೋಡಿಸಿ ಓಡಿಸಿದ್ದಳು.

ಮೊದಲನೆಯದನ್ನು ತೆರೆಯುತ್ತಾಳೆ. ನೀರಿನ ಕಂಬ ಪರದೆಯ ಮೇಲೆ ನೀಲಿಯಾಗಿ ನಿಂತಿದೆ. ತಳ ಕಪ್ಪಾಗುತ್ತದೆ, ಅದರ ಮೇಲಿನದು, ಅದರ ಮೇಲಿನದು. ನಾಫ್ತಾಲಿ ಬಾಗಿಲಿಂದಲೇ ಕತ್ತು ಚಾಚಿ ನೋಡುತ್ತಾನೆ. ಎರಡನೆಯದನ್ನು ತೆರೆಯುತ್ತಾಳೆ. ಅದು ಮೊದಲ ಹೆಜ್ಜೆಗೇ ನಿಂತುಬಿಟ್ಟಿದ್ದು, ಕೆಂಪಕ್ಷರದಲ್ಲಿ ಒಂದೇ ಸಾಲು ಬರೆದಿದೆ. ಅದನ್ನವಳು ಜೋರಾಗಿ ಓದುತ್ತಾಳೆ: ನಿಮ್ಮ ಕೆಸರು ಎಲ್ಲಿದೆ ನೋಡಿಕೊಳ್ಳಿ.

“ಅಯ್ಯೋ, ಇದು ನನ್ನ ಮಾತು,” ಎನ್ನುತ್ತಾನೆ ನಾಫ್ತಾಲಿ.

ಅವಳು ಕಾಗದ ತೆರೆಯುತ್ತಾಳೆ. ಮಾರ್ಚಿನ ಭಾಗ ಅಲ್ಲೇ ಇದೆ, ತೆಗೆದಿಲ್ಲ. ಕಂಜಿಯಿಗೆ ಏನು ಹೇಳುತ್ತೀ ಎಂದು ಕೇಳುತ್ತೇನೆ. ನಿನ್ನೆಯೇ ಹೇಳಿಯಾಯಿತು, ಅವನು ತಲೆ ಕೆರೆದುಕೊಂಡು ಒಪ್ಪಿದ ಎನ್ನುತ್ತಾಳೆ.

“ಅದನ್ನ ತೆಗೆದ್ರೆ ಈ ಪರೀಕ್ಷೆ ಯಾಕಿದೆ ಅಂತ ಯಾರಿಗೂ ಗೊತ್ತಾಗಲ್ಲ ಕುಕು. ಇದ್ಯಾಕೆ ಅಂತ ಯಾರೋ ಒಬ್ಬ ಜಾಣ ಕಿತ್ತು ಹಾಕ್ತಾನೆ. ಆಮೇಲೆ ಇನ್ಯಾವುದೋ ಊರಲ್ಲಿ ಇನ್ನೊಬ್ಳು ಕೆಸರನ್ನ ಮೇಲೆ ಹಾಕಿ ಹಸಿರು ಅಂತ ಕಳಿಸ್ತಾಳೆ.”

ಉತ್ತರಿಸುವವರು ಎಂಬ ಕಡೆ ಅವಳ ಹೆಸರಿದೆ, ರೌನಾ ಶಿವುತೆ, ವಾಲ್ವಿಸ್ ಬೇ. ಮೇ ಕಳೆದ ಮೇಲೂ ಉತ್ತರಿಸುತ್ತೀಯಾ ಎಂದರೆ, ಫೆಟ್‌ಕುಕ್ ಕರಿಯುತ್ತಾ ಉತ್ತರಿಸ್ತೀನಿ ಎನ್ನುತ್ತಾಳೆ. ನಿನಗೇನು ಬೇಕು ಎಂದು ಕೇಳುತ್ತೇನೆ. ತಾನು ಇರಲಿ ಬಿಡಲಿ, ಬೆಳಗಿನ ಸಂದೇಶ ಸರಿಯಾಗಿ ಹೋಗಲಿ ಎನ್ನುತ್ತಾಳೆ.

ಒಂದು ಜಾಗ ಮಾತ್ರ ಖಾಲಿಯಿದೆ. ಪರೀಕ್ಷೆಗೆ ಹೆಸರು ಕೊಡಬೇಕು; ಭಂಡಾರದಲ್ಲಿ ಅದು ಆ ಹೆಸರಿನಲ್ಲೇ ಉಳಿಯುತ್ತದೆ. ಅವಳು ಎರಡು ಪದ ಒತ್ತುತ್ತಾಳೆ: ಏಡಿ ಪರೀಕ್ಷೆ. ಮೇಲಿಂದ ಕೆಳಗಿನವರೆಗೆ ಒಂದು ಸಲ ಓದುತ್ತಾಳೆ. ಕಳಿಸುತ್ತಾಳೆ.

ಹೊರಗೆ ಮಂಜು ಸ್ವಲ್ಪ ತೆಳುವಾಗಿದೆ. ಕಾರ್ಖಾನೆಯ ಗೋಡೆ ಕಾಣುತ್ತಿದೆ.

“ಹೋಯ್ತಾ?” ಎನ್ನುತ್ತಾನೆ ನಾಫ್ತಾಲಿ ಬಾಗಿಲಿಂದ.

“ಹೋಯ್ತು ತಾತೆ.”

“ನನ್ನ ಏಡಿಗಳೂ ಹೋದ್ವಾ?”

“ಅವೇ ಮುಂದೆ ಹೋಗಿದ್ದು,” ಎನ್ನುತ್ತಾಳೆ ರೌನಾ.